ಐನ್ ಸಿದ್ರದ ಪುರಸಭೆ ಮುಚ್ಚಿಸಿದವಳು

ನಮ್ಮ ಐನ್ ಸಿದ್ರದಲ್ಲಿ ಪುರಸಭೆಯನ್ನು ಮುಚ್ಚಿಸಿದವರು ಯಾರು ಎಂದು ಕೇಳಿ ನೋಡಿ. ಜನ ಮಂತ್ರಿಯ ಹೆಸರು ಹೇಳುವುದಿಲ್ಲ. ಇಳಿಜಾರಿನ ಕೊನೆಯ ಮನೆಯ ಕಡೆ ಗದ್ದ ಎತ್ತಿ ತೋರಿಸುತ್ತಾರೆ. ಅದು ವಿಜ್ದಾನಳ ಮನೆ. ನಾನು ಅವಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಈಗ ಅದೇ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಊರಿನವರ ಮಾತು ಪೂರ್ತಿ ಸುಳ್ಳು ಎಂದು ವಾದಿಸಲು ನನಗೆ ಆಗುವುದಿಲ್ಲ, ಪೂರ್ತಿ ನಿಜ ಎಂದು ಒಪ್ಪಿಕೊಳ್ಳಲು ಮನಸ್ಸೂ ಬರುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ವಿಜ್ದಾನಳ ಅಪ್ಪ ಸೈನ್ಯದಲ್ಲಿ ಹವಾಲ್ದಾರನಾಗಿದ್ದವನು. ಅವಳು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡ. ಮನೆಯಲ್ಲಿ ಉಳಿದವರು ತಾಯಿ, ನಮ್ಮಲ್ಲಿ ರೂಢಿಯಿರುವಂತೆ ಮಗನ ಹೆಸರಿನಿಂದ ಕರೆಸಿಕೊಳ್ಳುವ ಉಮ್ ಸಖರ್, ಮತ್ತು ವಿಜ್ದಾನಳಿಗಿಂತ ಆರು ವರ್ಷಕ್ಕೆ ಚಿಕ್ಕವನಾದ ತಮ್ಮ ಸಖರ್. ಪದವಿ ಮುಗಿದ ವರ್ಷವೇ ಅವಳು ಪುರಸಭೆಯ ಕಿಟಕಿಯ ಹಿಂದೆ ಕೂತಳು. ಅಂಗಡಿಯ ಪರವಾನಗಿ, ಮನೆ ಕಟ್ಟುವ ಅನುಮತಿ, ಕಸದ ದೂರು, ನೀರಿನ ಟ್ಯಾಂಕರಿನ ಜಗಳ, ಎಲ್ಲವೂ ಆ ಒಂದೇ ಕಿಟಕಿಗೆ ಬರುತ್ತಿದ್ದವು. ಕೆಲಸವಿಲ್ಲದಿದ್ದರೂ ಜನ ಬಂದು ನಿಲ್ಲುತ್ತಿದ್ದರು. ಮುದುಕಿ ಉಮ್ ನಾಯಿಫ್ ಕೋಳಿಗೂಡಿನ ವಿಷಯಕ್ಕೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ.

“ಏನೇ ವಿಜ್ದಾನ್, ನನ್ನ ಕೋಳಿಗೂ ಈಗ ನಿಮ್ಮ ಅನುಮತಿ ಬೇಕಂತೆ?”

“ಕೋಳಿಗೆ ಬೇಡ ಖಾಲಾ, ಗೂಡಿಗೆ ಬೇಕು. ರಸ್ತೆ ಮೇಲೇ ಕಟ್ಕೊಂಡು ಕೂತಿದ್ದೀಯಲ್ಲ.”

“ರಸ್ತೆ ಬರೋಕೆ ಮುಂಚೆ ಕೋಳಿ ಇತ್ತು ಮಗಳೇ.”

“ಹಂಗಾದ್ರೆ ಕೋಳೀನೇ ಕರ್ಕೊಂಡು ಬಾ, ಅದೇ ಬಂದು ಸಹಿ ಹಾಕ್ಲಿ.”

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಗೂಡು ಎರಡು ಗೇಣು ಹಿಂದಕ್ಕೆ ಸರಿಯಿತು, ಉಮ್ ನಾಯಿಫ್ ಮೊಟ್ಟೆ ತಂದುಕೊಟ್ಟಳು. ನಮ್ಮಲ್ಲಿ ಆಡಳಿತ ಎಂದರೆ ಇಷ್ಟೇ ಆಗಿತ್ತು.

ಸಖರನಿಗೆ ಓದು ಹತ್ತಲಿಲ್ಲ. ವಿಜ್ದಾನಳೇ ಅಧ್ಯಕ್ಷರ ಮುಂದೆ ನಿಂತು, ನಾಚಿಕೆ ಬಿಟ್ಟು ಕೇಳಿ, ಅವನನ್ನು ಕಸದ ಲಾರಿಗೆ ದಿನಗೂಲಿ ಚಾಲಕನನ್ನಾಗಿ ಸೇರಿಸಿದಳು. ವರ್ಷಕ್ಕೊಮ್ಮೆ ಒಪ್ಪಂದ ಮುಂದುವರಿಯುತ್ತಿತ್ತು. ಅವನು ಮದುವೆಯಾದ, ಅದೇ ಮನೆಯ ಮೇಲೆ ಒಂದು ಕೋಣೆ ಕಟ್ಟಿಕೊಂಡ. ಅವಳಿಗೂ ಸಂಬಂಧಗಳು ಬಂದವು. ಯಾವುದೂ ಕೂಡಿಬರಲಿಲ್ಲ, ಅವಳು ಅದಕ್ಕಾಗಿ ಕೊರಗಲೂ ಇಲ್ಲ.

ಅವಳು ಕೊರಗಿದ್ದು ಬೇರೆಯದಕ್ಕೆ. ಪುರಸಭೆಯಲ್ಲಿ ಪರವಾನಗಿ ವಿಭಾಗದ ಮುಖ್ಯಸ್ಥರ ಜಾಗ ಖಾಲಿಯಾದಾಗ ಎಲ್ಲರೂ ಅವಳಿಗೇ ಎಂದುಕೊಂಡಿದ್ದರು. ಆದರೆ ಸ್ನಾತಕೋತ್ತರ ಪದವಿ ಇದ್ದವರಿಗೆ ಮಾತ್ರ ಎಂದು ಮೇಲಿನಿಂದ ಆದೇಶ ಬಂತು. ಇನ್ನೂ ಮೀಸೆ ಸರಿಯಾಗಿ ಬರದ ಒಬ್ಬ ಹುಡುಗ ಬಂದು ಆ ಕುರ್ಚಿಯಲ್ಲಿ ಕೂತ. ಮೊದಲ ವಾರವೇ ಅವಳನ್ನು ಕರೆದು, “ಅಕ್ಕಾ, ಪರವಾನಗಿ ನವೀಕರಣ ಹೆಂಗೆ ಮಾಡೋದು, ಸ್ವಲ್ಪ ತೋರಿಸ್ತೀರಾ?” ಎಂದು ಕೇಳಿದನಂತೆ. ಅವಳು ತೋರಿಸಿಕೊಟ್ಟಳು. ಮನೆಗೆ ಬಂದು ಸಾರ್ವಜನಿಕ ಆಡಳಿತದಲ್ಲಿ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುತ್ತೇನೆ ಎಂದಳು. ಆಗ ಅವಳಿಗೆ ಮೂವತ್ತನಾಲ್ಕು.

“ಮೂವತ್ತನಾಲ್ಕಕ್ಕೆ ಯಾರಾದ್ರೂ ಪುಸ್ತಕದ ಚೀಲ ಹಾಕ್ಕೊಂಡು ಹೋಗ್ತಾರೇನೇ?” ಉಮ್ ಸಖರ್ ತಲೆಗೆ ಕೈ ಹಚ್ಚಿ ಕೂತರು.

ಬೆಂಬಲಕ್ಕೆ ನಿಂತವನು ಸಖರ್. “ಹೋಗ್ಲಿ ಬಿಡಮ್ಮಾ. ನಾನಂತೂ ದಡ್ಡ ಅಂತ ಊರಿಗೇ ಗೊತ್ತು. ಮನೇಲಿ ಒಬ್ಬರಾದ್ರೂ ಡಾಕ್ಟರ್ ಆಗ್ಲಿ.”

“ಇದು ಡಾಕ್ಟರ್ ಅಲ್ವೋ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ,” ವಿಜ್ದಾನ್ ತಿದ್ದಿದಳು.

“ಊರವರಿಗೆ ಏನು ಗೊತ್ತಾಗುತ್ತೆ? ನಾನು ಡಾಕ್ಟರ್ ಅಂತಾನೇ ಹೇಳ್ತೀನಿ.”

ತರಗತಿಗಳು ಸಂಜೆ ನಡೆಯುತ್ತಿದ್ದವು. ಬೆಟ್ಟದ ಮೇಲಿನ ನಮ್ಮ ಊರಿಗೆ ಅಷ್ಟು ಹೊತ್ತಿನಲ್ಲಿ ಬಸ್ಸಿಲ್ಲ. ಸಖರ್ ದಿನವೆಲ್ಲ ಕಸ ಎತ್ತಿ, ಸ್ನಾನ ಮಾಡಿ, ತನ್ನ ಹಳೆಯ ಪಿಕಪ್ಪಿನಲ್ಲಿ ಅಕ್ಕನನ್ನು ವಿಶ್ವವಿದ್ಯಾಲಯಕ್ಕೆ ಕರೆದೊಯ್ಯುತ್ತಿದ್ದ. ತರಗತಿ ಮುಗಿಯುವ ತನಕ ಗೇಟಿನ ಹೊರಗೆ ಸೂರ್ಯಕಾಂತಿ ಬೀಜ ಸುಲಿಯುತ್ತ ಕಾಯುತ್ತಿದ್ದ. ಚಳಿಗಾಲದಲ್ಲಿ ಹಿಮ ಬಿದ್ದಾಗಲೂ ತಪ್ಪಿಸಲಿಲ್ಲ. ಕಾವಲುಗಾರ ಅವನನ್ನು ‘ಡಾಕ್ಟರರ ತಮ್ಮ’ ಎಂದೇ ಕರೆಯುತ್ತಿದ್ದ, ಆ ಹೆಸರನ್ನು ಹಬ್ಬಿಸಿದವನೂ ಸಖರನೇ.

ಓದು ಅವಳಿಗೆ ರುಚಿಸಿತು. ಕುರ್ಚಿಯ ಆಸೆಗೆ ಹೋದವಳು ಕುರ್ಚಿಯನ್ನೇ ಮರೆತಳು. ರಜೆಯ ದಿನ ಮನೆಗೆ ಬಂದು ನನ್ನ ಪಕ್ಕ ಕೂತು, “ಹಿಯಾಮ್, ನಮ್ಮ ಆಫೀಸಲ್ಲಿ ನಡೆಯೋ ಒಂದೊಂದು ಅವಾಂತರಕ್ಕೂ ಪುಸ್ತಕದಲ್ಲಿ ಒಂದೊಂದು ಹೆಸರಿದೆ ಕಣೇ. ನಾನು ನಮ್ಮೂರ ಹಣೆಬರಹ ಅಂದ್ಕೊಂಡಿದ್ದೆ. ಅದು ಲೋಕದ ಕಾಯಿಲೆಯಂತೆ, ಅದಕ್ಕೆ ಔಷಧಿನೂ ಇದೆಯಂತೆ” ಎನ್ನುತ್ತಿದ್ದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಶಾಲೆಯ ದಿನಗಳಲ್ಲಿ ಕಂಡದ್ದೇ ಕೊನೆ.

ಪ್ರಬಂಧಕ್ಕೆ ಅವಳು ಆರಿಸಿಕೊಂಡದ್ದು ನಮ್ಮ ಬೆಟ್ಟದ ಸಣ್ಣ ಪುರಸಭೆಗಳನ್ನೇ. ಬಂದ ಹಣವೆಲ್ಲ ಸಂಬಳಕ್ಕೆ ಹೋಗಿ, ರಸ್ತೆ ದೀಪಕ್ಕೂ ಚರಂಡಿಗೂ ಏನೂ ಉಳಿಯದ ಕಥೆ ಅದು. ಚುನಾವಣೆಗೊಮ್ಮೆ ಒಂದಷ್ಟು ಜನರನ್ನು ಸೇರಿಸಿ ಸೇರಿಸಿ ಹೀಗಾಗಿತ್ತು. ಎಲ್ಲರಿಗೂ ಗೊತ್ತಿತ್ತು, ಯಾರೂ ಬರೆದಿರಲಿಲ್ಲ. ಮಾಹಿತಿ ಹುಡುಕಿಕೊಂಡು ಊರೂರಿಗೆ ಹೋಗುವಾಗಲೂ ಗಾಡಿ ಓಡಿಸಿದವನು ಸಖರ್. ದಾರಿಯಲ್ಲಿ ಅವನೇ ನಗುನಗುತ್ತ ಹೇಳಿದ್ದ: “ಇದನ್ನೂ ಬರ್ಕೊಳಕ್ಕಾ. ನಮ್ಮಲ್ಲಿ ಇರೋದು ಒಂದು ಲಾರಿ, ಚಾಲಕರು ಐದು ಜನ. ಒಬ್ಬ ಓಡಿಸ್ತಾನೆ, ನಾಲ್ಕು ಜನ ಚಹಾ ಕುಡೀತಾರೆ. ಚಹಾ ಕುಡಿಯೋ ಸರದಿಗೂ ಜಗಳ!”

ಅವಳು ಬರೆದುಕೊಂಡಳು.

ಕೊನೆಗೆ ಅವಳು ಸೂಚಿಸಿದ್ದು ಇಷ್ಟು: ನಾಲ್ಕು ಪುರಸಭೆಗಳು ಲಾರಿ, ಎಂಜಿನಿಯರುಗಳನ್ನು ಹಂಚಿಕೊಳ್ಳಲಿ. ನಿಧಾನವಾಗಿ ಒಂದಾಗಲಿ. ಯಾರನ್ನೂ ಕೆಲಸದಿಂದ ತೆಗೆಯುವುದು ಬೇಡ. ವಯಸ್ಸಾದವರು ನಿವೃತ್ತರಾದಂತೆ ಹೊಸಬರನ್ನು ಸೇರಿಸದಿದ್ದರೆ ಸಾಕು. ಒಂದೊಂದು ಊರಿನಲ್ಲೂ ಜನರ ಕಿಟಕಿ ಮಾತ್ರ ಇರಲೇಬೇಕು. ಆ ಕಿಟಕಿಯ ಬಗ್ಗೆ ಒಂದು ಇಡೀ ಅಧ್ಯಾಯವಿತ್ತು. ನಾನು ಓದಿದ್ದೇನೆ. ಹೆಸರಿಲ್ಲದೆ ಉಮ್ ನಾಯಿಫಳ ಕೋಳಿಗೂಡೂ ಅದರಲ್ಲಿ ಬಂದಿತ್ತು.

ಮೌಖಿಕ ಪರೀಕ್ಷೆಯ ದಿನ ನಾವು ಒಂದು ವ್ಯಾನು ತುಂಬ ಜನ ಹೋದೆವು. ಪರೀಕ್ಷಕರು ಕಾರಿಡಾರಿಗೆ ಬಂದು ಫಲಿತಾಂಶ ಹೇಳಿದ್ದೇ ತಡ, ಉಮ್ ಸಖರ್ ನಾಲಗೆ ಹೊರಳಿಸಿ ಉಲುಲು ಎಂದು ಹರ್ಷದ ಕೂಗು ಹಾಕಿದ ಸದ್ದಿಗೆ ಪಕ್ಕದ ಕೋಣೆಯಲ್ಲಿ ಪಾಠ ನಿಂತಿತು. ಸಖರ್ ಕುನಾಫ ಸಿಹಿತಿಂಡಿಯ ದೊಡ್ಡ ತಟ್ಟೆ ಹೊತ್ತು ಪ್ರಾಧ್ಯಾಪಕರಿಗೆ, ಕಸ ಗುಡಿಸುವವರಿಗೆ, ಎಲ್ಲರಿಗೂ ಹಂಚಿದ. ಹೊರಗಿನಿಂದ ಪರೀಕ್ಷಕರಾಗಿ ಬಂದಿದ್ದ ಡಾಕ್ಟರ್ ಶಬೀಬ್ ರಾಜಧಾನಿ ಅಮ್ಮಾನಿನವರು, ಸರಕಾರಕ್ಕೆ ಸಲಹೆ ಕೊಡುವ ಸಮಿತಿಯಲ್ಲಿದ್ದವರು. ಸಕ್ಕರೆ ಪಾಕ ಅಂಟಿದ ಬೆರಳು ಒರೆಸಿಕೊಳ್ಳುತ್ತ, “ಇದು ಕಪಾಟಿನಲ್ಲಿ ಕೊಳೀಬಾರದಮ್ಮಾ. ನನಗೊಂದು ಸಾರಾಂಶ ಕಳಿಸು” ಎಂದರು.

ಅವಳು ನಾಲ್ಕು ಪುಟದಲ್ಲಿ ಬರೆದು ಕಳಿಸಿದಳು. ಮೇಲಿನವರು ಒಂದು ಪುಟಕ್ಕಿಂತ ಹೆಚ್ಚು ಓದುವುದಿಲ್ಲ, ಇನ್ನೂ ಚಿಕ್ಕದು ಮಾಡು ಎಂದು ಅವರು ಫೋನು ಮಾಡಿದರು. ಆ ಶುಕ್ರವಾರ ನಾನು ಅವಳ ಮನೆಯಲ್ಲಿದ್ದೆ. ಸೀಮೆಎಣ್ಣೆ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು, ಅವಳು ನೆಲದ ಮೇಲೆ ಕೂತು ಸಾಲು ಸಾಲಾಗಿ ಹೊಡೆದುಹಾಕುತ್ತಿದ್ದಳು. ಖರ್ಚಿನ ಲೆಕ್ಕ ಉಳಿಯಿತು, ಒಂದಾಗಬೇಕು ಎಂಬುದು ಉಳಿಯಿತು. ಕಿಟಕಿಯ ಅಧ್ಯಾಯ ಒಂದು ಸಾಲಾಯಿತು. ಕೆಲಸಗಾರರ ಮಾತು ಅರ್ಧ ಸಾಲಾಯಿತು.

“ಇಷ್ಟು ಸಾಕಾಗುತ್ತೇನೇ?” ಎಂದು ಕೇಳಿದೆ.

“ಅವರಿಗೆ ಆಸಕ್ತಿ ಬಂದ್ರೆ ಪೂರ್ತಿ ಓದ್ತಾರೆ ಬಿಡು” ಎಂದಳು.

ಮುಂದಿನ ವರ್ಷ ವಸಂತದಲ್ಲಿ ಆದೇಶ ಬಂತು. ನಮ್ಮ ಬೆಟ್ಟದ ನಾಲ್ಕು ಪುರಸಭೆಗಳು ರದ್ದಾಗಿ, ಅವುಗಳಲ್ಲೇ ದೊಡ್ಡದಾದ ಮಶ್ರಫಾ ಊರಿನಲ್ಲಿ ಒಂದೇ ಪುರಸಭೆಯಾಯಿತು. ನಿಧಾನ ಎಂಬ ಪದ ಎಲ್ಲೂ ಇರಲಿಲ್ಲ. ತಿಂಗಳ ಕೊನೆಗೆ ಐನ್ ಸಿದ್ರದ ಕಚೇರಿಗೆ ಬೀಗ ಬಿತ್ತು. ಕಾಯಂ ನೌಕರರು ಮಶ್ರಫಾಕ್ಕೆ ಹೋದರು. ದಿನಗೂಲಿಯವರ ಒಪ್ಪಂದ ಮುಂದುವರಿಯಲಿಲ್ಲ. ಪತ್ರಿಕೆಯಲ್ಲಿ ಈ ಸುಧಾರಣೆ ‘ಅದೇ ಪ್ರದೇಶದ ಮಗಳೊಬ್ಬಳ ವೈಜ್ಞಾನಿಕ ಅಧ್ಯಯನವನ್ನು ಆಧರಿಸಿದೆ’ ಎಂದು ಬಂತು. ಹೆಸರು ಹಾಕಿರಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ, ಸಖರ್ ಊರೆಲ್ಲ ಹೇಳಿಕೊಂಡು ಬಂದಿದ್ದನಲ್ಲ.

ಆ ದಿನ ಅವನು ಪತ್ರಿಕೆ ಹಿಡಿದುಕೊಂಡು ಅಡುಗೆಮನೆಗೆ ಬಂದ. ವಿಜ್ದಾನ್ ಅಕ್ಕಿ ತೊಳೆಯುತ್ತಿದ್ದಳು. ಉಮ್ ಸಖರ್ ನನಗೆ ಇದನ್ನು ಅಳುತ್ತ ಹೇಳಿದ್ದು.

“ಅಕ್ಕಾ, ನೀನು ಬರೆದದ್ರಲ್ಲಿ ನನ್ನ ಹೆಸರಿತ್ತಾ?”

“ಯಾರ ಹೆಸರೂ ಇರಲಿಲ್ಲ ಸಖರ್.”

“ಮತ್ತೇನಿತ್ತು?”

“ಸಂಖ್ಯೆ ಇತ್ತು.” ಅಕ್ಕಿಯ ನೀರು ಬಸಿಯುತ್ತ ಅವಳೇ ಹೇಳಿದಳು, “ಹೆಚ್ಚುವರಿ ಸಿಬ್ಬಂದಿ, ನಲವತ್ತೊಂದು ಅಂತ.”

“ಅದ್ರಲ್ಲಿ ನಾನು ಎಷ್ಟನೆಯವನು?”

ಅವಳು ಅಕ್ಕಿಗೆ ಮತ್ತೊಮ್ಮೆ ನೀರು ಸುರಿದಳು. ಅವನು ಪತ್ರಿಕೆಯನ್ನು ನೀಟಾಗಿ ಮಡಚಿ ಮೇಜಿನ ಮೇಲಿಟ್ಟು ಮೇಲೆ ಹೋದ. ಅಲ್ಲಿಂದ ಎರಡು ವರ್ಷ ಅಕ್ಕನ ಜೊತೆ ಮಾತಾಡಲಿಲ್ಲ. ಅದೇ ಪಿಕಪ್ಪಿನಲ್ಲಿ ಟೊಮೇಟೊ, ಸೌತೆಕಾಯಿ ಹೇರಿಕೊಂಡು ಊರೂರು ಮಾರಲು ಹೊರಟ.

ಊರು ಅಷ್ಟು ಮೌನವಾಗಿರಲಿಲ್ಲ. ಅವಳಿಗೆ ‘ಬೀಗದ ಡಾಕ್ಟರ್’ ಎಂದು ಹೆಸರಿಟ್ಟರು. ಕಸದ ಲಾರಿ ವಾರಕ್ಕೊಮ್ಮೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಜನ ಕಸವನ್ನು ತಿರುವಿನಲ್ಲಿ ಸುಡತೊಡಗಿದರು. ಒಂದು ಸಣ್ಣ ಅನುಮತಿಗೆ ಉಮ್ ನಾಯಿಫ್ ಎರಡು ಬಸ್ಸು ಹತ್ತಿ ಮಶ್ರಫಾಕ್ಕೆ ಹೋಗಬೇಕಾಯಿತು. ಅಲ್ಲಿ ಅವಳ ಹೆಸರು ಯಾರಿಗೂ ಗೊತ್ತಿಲ್ಲ. ಒಂದು ಸಲ ಬಸ್ಸಿನಲ್ಲೇ, ವಿಜ್ದಾನ್ ಹಿಂದಿನ ಸೀಟಿನಲ್ಲಿದ್ದಾಳೆಂದು ಗೊತ್ತಿದ್ದೂ, ನನ್ನ ಹತ್ತಿರ ಜೋರಾಗಿ ಹೇಳಿದಳು: “ಹಿಯಾಮ್, ನಿನ್ನ ಶಾಲೆ ಹುಡುಗೀರಿಗೆ ಹೇಳು, ಜಾಸ್ತಿ ಓದ್ಬೇಡಿ ಅಂತ. ಒಬ್ಬಳು ಓದಿದ್ದಕ್ಕೇ ನನ್ನ ಮೊಣಕಾಲು ಹೋಯ್ತು. ಇನ್ನೊಬ್ಬಳು ಓದಿದ್ರೆ ಸ್ಮಶಾನಾನೂ ಮಶ್ರಫಾಕ್ಕೆ ಹೋಗುತ್ತೆ.”

ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಹಿಂದೆ ತಿರುಗಿ ನೋಡಲಿಲ್ಲ.

ಇಷ್ಟೆಲ್ಲದರ ನಡುವೆ ವಿಜ್ದಾನಳಿಗೆ ಬಡ್ತಿ ಬಂತು. ಹೊಸ ಪುರಸಭೆಯಲ್ಲಿ ಯೋಜನಾ ಘಟಕದ ಮುಖ್ಯಸ್ಥೆ. ಘಟಕದಲ್ಲಿ ಅವಳೊಬ್ಬಳೇ. ಕೆಟ್ಟುಹೋದ ಬೀದಿದೀಪಗಳನ್ನು ಪೇರಿಸಿಟ್ಟಿದ್ದ ಕೋಣೆಯ ಒಂದು ಮೂಲೆ ಖಾಲಿ ಮಾಡಿಸಿ ಮೇಜು ಹಾಕಿಕೊಟ್ಟಿದ್ದರು.

ಒಂದು ದಿನ ಅವಳು ರಜೆ ಹಾಕಿ, ಇಡೀ ಪ್ರಬಂಧವನ್ನು ಎತ್ತಿಕೊಂಡು ಅಮ್ಮಾನಿಗೆ ಹೋದಳು. ನಾನೂ ಜೊತೆಗಿದ್ದೆ. ಡಾಕ್ಟರ್ ಶಬೀಬ್ ಕೆಟ್ಟ ಮನುಷ್ಯರಲ್ಲ. ಎದ್ದು ನಿಂತು ಬರಮಾಡಿಕೊಂಡರು, ಚಹಾ ತರಿಸಿದರು.

“ಡಾಕ್ಟರ್, ನಾನು ಯಾರನ್ನೂ ತೆಗೀಬೇಡಿ ಅಂದಿದ್ದೆ. ಕಿಟಕಿ ಮುಚ್ಚಬೇಡಿ ಅಂದಿದ್ದೆ.”

“ಎಲ್ಲಿ ಅಂದಿದ್ದೆಯಮ್ಮಾ?”

ಅವಳು ಪ್ರಬಂಧದ ಆ ಅಧ್ಯಾಯ ತೆಗೆದು ಮುಂದಿಟ್ಟಳು. ಅವರು ಕನ್ನಡಕ ಏರಿಸಿಕೊಂಡು ಎರಡು ಪುಟ ಓದಿದರು, ನಿಜವಾಗಿಯೂ ಓದಿದರು. “ಒಳ್ಳೇ ಅಧ್ಯಾಯ. ಆದರೆ ಸಭೆಗೆ ಹೋದದ್ದು ಇದಲ್ಲವಲ್ಲ. ಆ ಒಂದು ಪುಟದಲ್ಲಿ ಇದು ಕೊನೇ ಸಾಲಾಗಿತ್ತು. ಕೊನೇ ಸಾಲಿಗೆ ಬರೋ ಹೊತ್ತಿಗೆ ಅವರು ಎದ್ದು ಊಟಕ್ಕೆ ಹೋಗಿದ್ರು.” ಹಾಗೆ ಹೇಳುವಾಗ ಅವರ ಮುಖದಲ್ಲಿ ಬೇಸರವಿತ್ತು. ಆಮೇಲೆ ಏನೋ ಹೊಳೆದವರಂತೆ, “ನೀನು ಪಿಎಚ್‌ಡಿ ಯಾಕೆ ಮಾಡಬಾರದು? ‘ವಿಲೀನದ ಪರಿಣಾಮಗಳು’ ಅಂತ. ಒಳ್ಳೇ ವಿಷಯ, ಮಾಹಿತಿ ನಿನ್ನ ಮನೆಬಾಗಿಲಲ್ಲೇ ಇದೆ” ಎಂದರು.

ಲಿಫ್ಟಿನಲ್ಲಿ ಇಳಿಯುವಾಗ ವಿಜ್ದಾನ್ ನಕ್ಕಳು. ಬಹಳ ಹೊತ್ತು ನಕ್ಕಳು. ನನಗೆ ಹೆದರಿಕೆಯಾಯಿತು.

ಮಶ್ರಫಾದ ಅಧ್ಯಕ್ಷ ಅಬು ಲೈಸ್ ಗಟ್ಟಿ ರಾಜಕಾರಣಿ. ಅವಳು ಅವನ ಬೆನ್ನು ಹತ್ತಿ, ವಾರಕ್ಕೆ ಎರಡು ದಿನ ಐನ್ ಸಿದ್ರದ ಕಿಟಕಿ ತೆರೆಯಲು ಒಪ್ಪಿಗೆ ಪಡೆದಳು. ಬಡ್ತಿ ಪಡೆದ ಮುಖ್ಯಸ್ಥೆ ಮತ್ತೆ ಹಳೆಯ ಸ್ಟೂಲಿನ ಮೇಲೆ ಬಂದು ಕೂತಳು. ಮೊದಲ ವಾರಗಳಲ್ಲಿ ಯಾರೂ ಬರಲಿಲ್ಲ. ಆಮೇಲೆ ಬಂದವರು ಕಾಗದ ಚಾಚುತ್ತಿದ್ದರು, ಮಾತಾಡುತ್ತಿರಲಿಲ್ಲ. ಉಮ್ ನಾಯಿಫ್ ಬರಲೇ ಇಲ್ಲ. ಎರಡು ಬಸ್ಸು ಹತ್ತಿ ಮಶ್ರಫಾಕ್ಕೇ ಹೋಗುತ್ತಿದ್ದಳು, ಹಟಕ್ಕೆ. ಚಳಿಗಾಲ ಬರುವ ಹೊತ್ತಿಗೆ ಅಬು ಲೈಸ್ ವಿಜ್ದಾನಳನ್ನು ಕರೆಸಿದ.

“ಡಾಕ್ಟರ್ ವಿಜ್ದಾನ್, ದಿನಕ್ಕೆ ನಾಲ್ಕು ಜನ ಬರೋ ಕಿಟಕಿಗೆ ಹೀಟರು, ಕರೆಂಟು, ಒಬ್ಬ ಅಧಿಕಾರಿ. ನಿಮ್ಮ ಪ್ರಬಂಧದ ಪ್ರಕಾರ ಇದಕ್ಕೇನಂತಾರೆ?”

ಅದಕ್ಕೆ ಏನನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ಕಿಟಕಿ ಮುಚ್ಚಿತು.

ಚುನಾವಣೆ ಹತ್ತಿರ ಬಂದಾಗ ಅದೇ ಅಬು ಲೈಸ್ ಮೂವತ್ತು ಜನರನ್ನು ಹೊಸದಾಗಿ ಸೇರಿಸಲು ಹೊರಟ. ಕಾವಲುಗಾರರು, ಚಾಲಕರು, ತೋಟದವರು. ಎಲ್ಲ ಅವನ ಕಡೆಯ ಮನೆತನಗಳವರು. ಮೇಲಿನಿಂದ ಮಂಜೂರಾತಿ ಸಿಗಬೇಕಾದರೆ ‘ಸಿಬ್ಬಂದಿಯ ಕೊರತೆ ಇದೆ’ ಎಂದು ಯೋಜನಾ ಘಟಕ ವರದಿ ಕೊಡಬೇಕು. ಅವಳು ಸಾಧ್ಯವಿಲ್ಲ ಎಂದಳು. ಅವನು ಕೋಪಿಸಿಕೊಳ್ಳಲಿಲ್ಲ.

“ನಿಮ್ಮ ತಮ್ಮ ಬಿಸಿಲಲ್ಲಿ ಟೊಮೇಟೊ ಮಾರ್ತಿದ್ದಾನಂತೆ. ಒಳ್ಳೇ ಹುಡುಗ. ಮೂವತ್ತು ಇದ್ದದ್ದು ಮೂವತ್ತೊಂದು ಆದ್ರೆ ನನಗೇನೂ ಭಾರ ಅಲ್ಲ. ಕಾಯಂ ಕೆಲಸ. ಯೋಚನೆ ಮಾಡಿ ನೋಡಿ.”

ಆ ವಾರ ಅವಳು ನನ್ನ ಮನೆಗೆ ಬಂದಳು. ಅಬು ಲೈಸ್ ಅಂದದ್ದನ್ನೆಲ್ಲ ಹೇಳಿದಳು.

“ಏನು ಮಾಡ್ತೀಯೇ?” ಎಂದೆ.

“ನಾನು ಓದಿದ್ದರಲ್ಲಿ ಇದಕ್ಕೂ ಒಂದು ಹೆಸರಿದೆ ಹಿಯಾಮ್. ಪರೀಕ್ಷೆಗೆ ಬಂದಿತ್ತು. ಪೂರ್ತಿ ಅಂಕ ತಗೊಂಡಿದ್ದೆ.”

ಮಾರನೆಯ ದಿನ ಅವಳು ವರದಿ ಬರೆದಳು. ಹನ್ನೊಂದು ಪುಟ, ಕೋಷ್ಟಕಗಳ ಸಮೇತ. ಎಷ್ಟು ಚೆನ್ನಾಗಿತ್ತೆಂದರೆ ಅಮ್ಮಾನಿನಿಂದ ಒಂದು ಪ್ರಶ್ನೆಯೂ ಬರಲಿಲ್ಲ. ಚರಂಡಿಗೆ ಇಟ್ಟಿದ್ದ ಹಣ ಸಂಬಳಕ್ಕೆ ಹೋಯಿತು. ಸಖರನ ಹೆಸರಿನಲ್ಲಿ ನೇಮಕಾತಿ ಆದೇಶ ಬಂತು.

ಅವನು ನಿರಾಕರಿಸಬಹುದು ಎಂದು ನಾನು ಎಣಿಸಿದ್ದೆ. ಮೂರು ಮಕ್ಕಳ ಅಪ್ಪ ಹಾಗೆಲ್ಲ ನಿರಾಕರಿಸುವುದಿಲ್ಲ. ಪಿಕಪ್ ಮಾರಿ ಕೆಲಸಕ್ಕೆ ಸೇರಿದ. ಅಕ್ಕ ತಮ್ಮ ಬೆಳಿಗ್ಗೆ ಒಂದೇ ಬಸ್ಸು ಹತ್ತತೊಡಗಿದರು, ಬೇರೆ ಬೇರೆ ಸೀಟಿನಲ್ಲಿ. ಸುಮಾರು ದಿನ ಕಳೆದ ಮೇಲೆ, ದಾರಿಯಲ್ಲಿ ಬದಲಿಸಿ ಹತ್ತಿದ ಎರಡನೇ ಬಸ್ಸು ತುಂಬಿದ್ದಾಗ, ಅವನು ಅವಳ ಪಕ್ಕ ಬಂದು ಕೂತ. ಅಂದು ನನಗೂ ಮಶ್ರಫಾದಲ್ಲಿ ಕೆಲಸವಿತ್ತು, ಮುಂದಿನ ಸೀಟಿನಲ್ಲಿದ್ದೆ.

“ಅಕ್ಕಾ.”

“ಹೇಳೋ.”

“ಅಲ್ಲಿ ಲಾರಿ ಇರೋದು ಮೂರು. ಚಾಲಕರು ಹದಿನೆಂಟು ಜನ. ನನಗೆ ಇವತ್ತಿನವರೆಗೂ ಕೀಲಿ ಕೊಟ್ಟಿಲ್ಲ. ಬೆಳಿಗ್ಗೆ ಸಹಿ ಹಾಕಿ ಗ್ಯಾರೇಜಲ್ಲಿ ಕೂತ್ಕೋತೀನಿ. ಆಗ ನೀನು ಹೆಚ್ಚುವರಿ ಅಂತ ಬರೆದಾಗ ನಾನು ಹಂಗಿರಲಿಲ್ಲ ಕಣಕ್ಕಾ, ಕೆಲಸ ಮಾಡ್ತಿದ್ದೆ. ಈಗ ನೀನು ಬರೆದ ಹಂಗೇ ಆಗೋದೆ.”

ಅವನು ಅದನ್ನು ಚುಚ್ಚಲು ಹೇಳಿದಂತಿರಲಿಲ್ಲ, ಇದ್ದದ್ದನ್ನು ಒಪ್ಪಿಸಿದ ಹಾಗಿತ್ತು. ಮಶ್ರಫಾ ಬಂತು, ಇಬ್ಬರೂ ಇಳಿದರು.

ಅಬು ಲೈಸ್ ಆ ಚುನಾವಣೆಯಲ್ಲಿ ಗೆದ್ದ. ಗೆದ್ದ ಸಂತೋಷಕ್ಕೆ ವಿಜ್ದಾನಳಿಗೆ ಒಬ್ಬ ಸಹಾಯಕನನ್ನು ಕೊಟ್ಟ. ಅವನಿಗೂ ಕೊಡಲು ಅವಳ ಹತ್ತಿರ ಕೆಲಸವಿಲ್ಲ. ಈಗ ಮಶ್ರಫಾ ಪುರಸಭೆಯ ನೌಕರರಲ್ಲಿ ಏಳೆಂಟು ಮಂದಿ ಅದೇ ಸ್ನಾತಕೋತ್ತರ ಪದವಿಗೆ ಸೇರಿದ್ದಾರೆ, ಬಡ್ತಿಗೆ ಬೇಕಲ್ಲ. ಪ್ರಬಂಧ ಬರೆಯುವ ಹೊತ್ತಿಗೆ ಅವಳ ಹತ್ತಿರ ಬರುತ್ತಾರೆ. ಅವಳು ಕೂರಿಸಿಕೊಂಡು ತಾಳ್ಮೆಯಿಂದ ಹೇಳಿಕೊಡುತ್ತಾಳೆ. ಯಾವ ವಿಷಯ ತೆಗೆದುಕೊಳ್ಳಲಿ ಎಂದು ಕೇಳಿದರೆ, ಹೊರದೇಶದ ಯಾವುದಾದರೂ ಊರಿನ ಬಗ್ಗೆ ಬರೆಯಿರಿ ಎನ್ನುತ್ತಾಳೆ.